ಬಿದ್ದ ದಿಮ್ಮಿಯ ಮೇಲೆ ಪಟ್ಟೆಪಟ್ಟೆಯ ಬೂದು ಅಣಬೆ: ಟರ್ಕಿ ಟೇಲಾ, ಬೇರೆಯದಾ?

ಹಸಿರುಹಾದಿ (ಪ್ರಶ್ನೆ):

ಎಲೆ ಉದುರಿಸುವ ಕಾಡು, ನೆಲಕ್ಕೆ ಬಿದ್ದ ಅಗಲೆಲೆ ಮರದ ದಿಮ್ಮಿ. ವ್ಯಾಸ ಸುಮಾರು 35 ಸೆಂ.ಮೀ., ತೊಗಟೆ ಅರ್ಧಕ್ಕರ್ಧ ಕಳಚಿದೆ. ಒಂದು ಮಗ್ಗುಲಿನ ಉದ್ದಕ್ಕೂ ತೆಳ್ಳನೆಯ ಅಣಬೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿಕೊಂಡಿವೆ. ತೊಟ್ಟಿಲ್ಲ, ನೇರವಾಗಿ ಮರಕ್ಕೇ ಅಂಟಿವೆ. ಒಂದೊಂದೂ 4ರಿಂದ 7 ಸೆಂ.ಮೀ. ಅಗಲ, ಬುಡದಲ್ಲಿ 3 ಮಿ.ಮೀ. ಆಸುಪಾಸು ದಪ್ಪ. ಮೇಲ್ಮೈಯಲ್ಲಿ ಬೂದು ಮತ್ತು ಕಂದು ಪಟ್ಟೆಗಳು, ಒರಟು ರೋಮ, ಅಂಚು ಬಿಳಿ, ಬುಡದ ಕಡೆ ಹಸಿರು ಛಾಯೆ.

ಫೋಟೊ ನೋಡಿ ಹೆಸರು ಹೇಳುವ ಆ್ಯಪ್ ಒಂದು ಟರ್ಕಿ ಟೇಲ್ (ಮರದ ಮೇಲೆ ಬರುವ ಪಟ್ಟೆಪಟ್ಟೆಯ ಅಣಬೆ) ಅಂದಿತು, ಇನ್ನೊಂದು ಅದನ್ನೇ ಹೋಲುವ ಸ್ಟೀರಿಯಂ ಅಂದಿತು. ಅದೇ ದಿಮ್ಮಿಯ ಇನ್ನೊಂದು ತುದಿಯಲ್ಲಿ ಕಂದು ಕೊಡೆಯ ಪುಟ್ಟ ಅಣಬೆಗಳ ಗೊಂಚಲೂ ಇದೆ. ಕೊಡೆ 2ರಿಂದ 4 ಸೆಂ.ಮೀ., ಕೆಳಗೆ ಕಿವಿರು (ತೆಳುವಾದ ಹಾಳೆಗಳ ಸಾಲು) ಇದೆ. ಎರಡೂ ಒಂದೇ ಶಿಲೀಂಧ್ರದ್ದೇ? ಹೆಸರು ಖಚಿತವಾಗಬೇಕಾದರೆ ಇನ್ನೂ ಏನೇನು ನೋಡಬೇಕು?

ಬೂತಗನ್ನಡಿ:

ಮೇಲ್ಭಾಗದ ಫೋಟೊ ಇಷ್ಟನ್ನೇ ನೋಡಿ ಯಾರಾದರೂ ಖಚಿತವಾಗಿ ಹೆಸರು ಹೇಳಿದರೆ ನಂಬಬೇಡಿ. ಪಟ್ಟೆ, ರೋಮ, ಬೂದು ಬಣ್ಣ ಈ ಮೂರೂ ಇರುವ ಜಾತಿಗಳು ಬೇಕಾದಷ್ಟಿವೆ. ಆ ಹಸಿರಂತೂ ಅಣಬೆಯ ಬಣ್ಣವೇ ಅಲ್ಲ. ರೋಮದ ನಡುವೆ ತೇವ ನಿಂತು ಪಾಚಿ ಬೆಳೆದಿದೆ. ಅದರಿಂದ ತಿಳಿಯುವುದಿಷ್ಟೇ: ಅಣಬೆ ಬಂದು ಬಹಳ ದಿನವಾಗಿದೆ.

ಜಾತಿ ಗೊತ್ತಾಗುವುದು ಕೆಳಮೈಯಲ್ಲಿ. ಒಂದನ್ನು ಅಂಟಿದ ತೊಗಟೆಯ ಚೂರಿನ ಸಮೇತ ಚಾಕುವಿನಿಂದ ಎಬ್ಬಿಸಿ, ಮಗುಚಿ, 10 ಪಟ್ಟು ಹಿಗ್ಗಿಸುವ ಬೂತಗನ್ನಡಿಯಲ್ಲಿ ನೋಡಿ.

ಕೆಳಮೈ ನುಣ್ಣಗಿದ್ದು ಒಂದು ರಂಧ್ರವೂ ಕಾಣದಿದ್ದರೆ ಸ್ಟೀರಿಯಂ ಗುಂಪಿನದು, ಟರ್ಕಿ ಟೇಲ್ ವಿಚಾರ ಅಲ್ಲಿಗೇ ಮುಗಿಯಿತು. ಬುಡದಿಂದ ಅಂಚಿನವರೆಗೆ ಕಿವಿರಿನಂಥ ಗಟ್ಟಿ ಪದರಗಳಿದ್ದರೆ ಲೆಂಜೈಟಿಸ್ ಬೆಟುಲಿನಾ. ಮೇಲಿನಿಂದ ನೋಡಿದರೆ ಇದು ಥೇಟ್ ಟರ್ಕಿ ಟೇಲ್. ಪದರದ ಅಂಚು ಉದ್ದಕ್ಕೂ ಸೀಳಿ ಎರಡಾಗಿದ್ದರೆ ಸ್ಕಿಜೋಫಿಲಮ್ ಕಮ್ಯೂನ್, ಆದರೆ ಅದು ಇಷ್ಟು ಅಗಲ ಬೆಳೆಯುವುದು ಕಡಿಮೆ. ಅಂಚಿನಲ್ಲಿ ನೇರಳೆ ಛಾಯೆ ಇದ್ದು ರಂಧ್ರಗಳು ಹಲ್ಲಿನಂತೆ ಹರಿದಿದ್ದರೆ ಟ್ರೈಕ್ಯಾಪ್ಟಮ್ ಬೈಫಾರ್ಮೆ. ಹಳತಾದಂತೆ ಆ ನೇರಳೆ ಮಾಸಿ ಕಂದಾಗಿಬಿಡುತ್ತದೆ, ಹಾಗಾಗಿ ಗುಂಪಿನಲ್ಲಿ ಎಳೆಯದನ್ನು ಹುಡುಕಿ ನೋಡಬೇಕು. ಉದ್ದನೆಯ ಸೀಳಿನಂಥ ರಂಧ್ರಗಳಿದ್ದು, ಹಸಿಯಾಗಿರುವಾಗ ಹೆಬ್ಬೆರಳಿನಿಂದ ಉಜ್ಜಿದ ಜಾಗ ಕೆಂಪಗಾದರೆ ಡೆಡಾಲಿಯಾಪ್ಸಿಸ್ ಕಾನ್‌ಫ್ರಾಗೋಸಾ. ಒಣಗಿದ ಮಾದರಿಯಲ್ಲಿ ಈ ಕೆಂಪು ಬರುವುದಿಲ್ಲ. ಉಜ್ಜಿದೆ, ಏನೂ ಆಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಒಣಗಿದ್ದನ್ನೇ ಉಜ್ಜಿರುತ್ತಾರೆ.

ಇವು ಯಾವುವೂ ಅಲ್ಲ, ಬಿಳಿ ಅಥವಾ ಕೆನೆ ಬಣ್ಣದ ದುಂಡನೆಯ ಸಣ್ಣ ರಂಧ್ರಗಳೇ ಇವೆ ಎಂದಾದರೆ ಮಾತ್ರ ಟ್ರಮೀಟಿಸ್, ಅಂದರೆ ಟರ್ಕಿ ಟೇಲ್ ಸೇರಿರುವ ಕುಲದ ಕಡೆ ಹೋಗಿ. ಅಲ್ಲಿಯೂ ಎಣಿಕೆ ಬೇಕು. ಮಿಲಿಮೀಟರ್ ಗೆರೆಗಳಿರುವ ಸ್ಕೇಲನ್ನು ಕೆಳಮೈಗೆ ತಾಗಿಸಿ ಹಿಡಿದು, 5 ಮಿ.ಮೀ. ಉದ್ದದ ಗೆರೆಯಲ್ಲಿ ಎಷ್ಟು ರಂಧ್ರ ಸಿಗುತ್ತವೆ ಎಂದು ಎಣಿಸಿ, 5ರಿಂದ ಭಾಗಿಸಿ. ಒಂದೇ ಮಿ.ಮೀ. ಎಣಿಸಿದರೆ ಅರ್ಧ ರಂಧ್ರ ಆಚೀಚೆ ಆಗಿ ಲೆಕ್ಕ ತಪ್ಪುತ್ತದೆ. ಅಂಚಿನ ಹತ್ತಿರ, ನಡುವೆ, ಬುಡದಲ್ಲಿ ಹೀಗೆ ಮೂರು ಕಡೆ ಬೇರೆಬೇರೆ ಬರೆದುಕೊಳ್ಳಿ. ಕೆಳಮೈಯನ್ನು ಓರೆಯಾಗಿ ಹಿಡಿದು ಎಣಿಸಬೇಡಿ, ದುಂಡನೆಯ ರಂಧ್ರವೂ ಓರೆಯಿಂದ ಉದ್ದಕ್ಕೆ ಕಾಣುತ್ತದೆ.

ಆಮೇಲೆ ಹರಿತವಾದ ಬ್ಲೇಡಿನಿಂದ ಬುಡದಿಂದ ಅಂಚಿಗೆ ನೇರ ಸೀಳಿ, ಕೊಯ್ದ ಮುಖದ ಫೋಟೊ ಹಾಕಿ. ಒಳಮಾಂಸದ ಬಣ್ಣ, ದಪ್ಪ, ಪದರ ಎಲ್ಲ ಅಲ್ಲಿ ಕಾಣಬೇಕು. ಮೊಂಡು ಚಾಕು ಹಾಕಿದರೆ ರೋಮ ಒಳಗೆ ಎಳೆದುಕೊಂಡು ಬಂದು ಪದರಗಳು ಕಲಸಿಹೋಗುತ್ತವೆ.

ದಿಮ್ಮಿಕಾವಲು:

ಅಣಬೆಯಷ್ಟೇ ಮರವನ್ನೂ ನೋಡಬೇಕು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅಣಬೆ ಕಿತ್ತ ಜಾಗದಲ್ಲೇ ಚಾಕುವಿನಿಂದ 2 ಸೆಂ.ಮೀ. ಆಳಕ್ಕೆ ಕೆತ್ತಿ ಒಳಗಿನ ಕಟ್ಟಿಗೆ ತೆಗೆಯಿರಿ. ಹೊರಮೈ ಬಿಸಿಲು ಮಳೆಗೆ ಹೇಗೂ ಕಂದು-ಬೂದು ಆಗಿರುತ್ತದೆ, ಅದನ್ನು ನೋಡಿ ಕೊಳೆಯ ಬಗೆ ಹೇಳಲು ಬರುವುದಿಲ್ಲ.

ಒಳಗಿನ ಕಟ್ಟಿಗೆ ಬಿಳಿಚಿಕೊಂಡು, ಮೆತ್ತಗಾಗಿ, ಎಳೆದರೆ ನಾರುನಾರಾಗಿ ಬಂದರೆ ಬಿಳಿ ಕೊಳೆ. ಕಟ್ಟಿಗೆಗೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನೂ ಶಿಲೀಂಧ್ರ ಒಡೆದಿದೆ ಎಂದರ್ಥ. ಕಟ್ಟಿಗೆ ಕಂದಾಗಿ, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚೌಕಚೌಕದ ತುಂಡಾಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾದರೆ ಕಂದು ಕೊಳೆ. ಅಲ್ಲಿ ಕಟ್ಟಿಗೆಯ ಉಳಿದ ಮುಖ್ಯ ಅಂಶಗಳಾದ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಖಾಲಿಯಾಗಿ, ಮಾರ್ಪಾಟಾದ ಲಿಗ್ನಿನ್ ಉಳಿದಿರುತ್ತದೆ. ಬೂತಗನ್ನಡಿಯವರು ಹೆಸರಿಸಿದ್ದೆಲ್ಲ ಬಿಳಿ ಕೊಳೆಯವೇ. ಹಾಗಾಗಿ ನಿಮ್ಮ ಅಣಬೆಯ ಬುಡದಲ್ಲೇ ಕಂದು ಚೌಕಗಳು ಸಿಕ್ಕರೆ ಆ ಪಟ್ಟಿಯನ್ನೇ ಬಿಟ್ಟು ಬೇರೆ ಕಡೆ ಹುಡುಕಬೇಕಾಗುತ್ತದೆ. ಅಗಲೆಲೆ ಮರಗಳಲ್ಲಿ ಕಂದು ಕೊಳೆ ಕಡಿಮೆ, ಆದರೆ ಇಲ್ಲವೆಂದಲ್ಲ; ಓಕ್ ಮರದ ಡೆಡಾಲಿಯಾ ಕ್ವೆರ್ಸಿನಾ, ಗಂಧಕ ಬಣ್ಣದ ಲೇಟಿಪೋರಸ್ ಎರಡೂ ಕಂದು ಕೊಳೆಯವು.

ಕೆತ್ತಿದ ಮುಖದಲ್ಲಿ ಕಪ್ಪು ಸಣ್ಣ ಗೆರೆಗಳು ಕಂಡರೆ ಅದನ್ನೂ ಫೋಟೊ ತೆಗೆಯಿರಿ. ಒಂದು ಶಿಲೀಂಧ್ರ ತನ್ನ ಪಾಲಿನ ಕಟ್ಟಿಗೆಗೆ ಹಾಕಿಕೊಂಡ ಬೇಲಿ ಅದು. ಒಂದೇ ಜಾತಿಯ ಎರಡು ಬೇರೆ ವಂಶಗಳು ಎದುರಾದರೂ ಇಂಥ ಗೆರೆ ಬೀಳುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ: ಒಂದು ದಿಮ್ಮಿಯೊಳಗೆ ಹಲವು ಶಿಲೀಂಧ್ರಗಳು ಪಾಲು ಮಾಡಿಕೊಂಡು ಕೂತಿರುವುದು ಮಾಮೂಲು. ಇತ್ತ ತುದಿಯದೂ ಅತ್ತ ತುದಿಯದೂ ಒಂದೇ ಎಂದುಕೊಳ್ಳಲು ಕಾರಣವಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದರ ಕೆಳಗೆ ರಂಧ್ರ, ಇನ್ನೊಂದರ ಕೆಳಗೆ ಕಿವಿರು ಇದ್ದು ಆಕಾರವೂ ಬೇರೆಯಾಗಿದ್ದರೆ ಪ್ರಶ್ನೆಯೇ ಏಳುವುದಿಲ್ಲ.

ಮರ ಯಾವುದೆಂದು ಗೊತ್ತಾದರೆ ಬರೆಯಿರಿ. ತೊಗಟೆ ಉಳಿದಿರುವ ಕಡೆಯ ಒಂದು ಫೋಟೊ, ಅಡ್ಡಕೊಯ್ತದ ಒಂದು ಫೋಟೊ ಇದ್ದರೂ ಸಾಕು. ಅಣಬೆಗಳ ಕೆಳಮೈ ನೆಲದ ಕಡೆಗೇ ಇದೆಯೇ ಎಂಬುದನ್ನೂ ಗಮನಿಸಿ. ಹೀಗೆ ತೊಟ್ಟಿಲ್ಲದೆ ಮರದಿಂದ ಹೊರಚಾಚುವ ಬ್ರ್ಯಾಕೆಟ್ ಅಣಬೆ ರಂಧ್ರಗಳನ್ನು ಯಾವಾಗಲೂ ಭೂಮಿಯ ಕಡೆಗೇ ತಿರುಗಿಸಿ ಬೆಳೆಯುತ್ತದೆ. ಕೆಳಮೈ ಪಕ್ಕಕ್ಕೋ ಮೇಲಕ್ಕೋ ತಿರುಗಿದ್ದರೆ ಅಣಬೆ ಬಂದ ಮೇಲೆ ಮರ ಉರುಳಿದೆ, ಅಂದರೆ ನಿಂತ ಮರಕ್ಕೇ ಕೊಳೆ ಹತ್ತಿತ್ತು ಎಂದು ತಿಳಿಯಬಹುದು.

ಬೀಜಕದಚ್ಚು:

ಬ್ರ್ಯಾಕೆಟ್ ವಿಷಯ ಮೇಲಿನವರು ಹೇಳಿದ್ದಾರೆ. ನನ್ನ ಗಮನ ಆ ಗೊಂಚಲಿನ ಮೇಲೆ. ಕಟ್ಟಿಗೆಯ ಮೇಲೆ ಬರುವ, ಕಂದು ಕೊಡೆಯ, ಕಿವಿರಿರುವ ಪುಟ್ಟ ಅಣಬೆ ಎಂದರೆ ಮೊದಲು ಹೊರಗಿಡಬೇಕಾದ್ದು ಗಲೆರಿನಾ ಮಾರ್ಜಿನೇಟಾ. ಅದರಲ್ಲಿರುವುದು ಅಮಾಟಾಕ್ಸಿನ್, ಕುಖ್ಯಾತ ಡೆತ್ ಕ್ಯಾಪ್ ಅಣಬೆಯಲ್ಲಿರುವ ವಿಷವೇ. ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ಇದಕ್ಕೆ ಬೀಜಕದ ಅಚ್ಚು, ಅಂದರೆ ಕಿವಿರಿನಿಂದ ಉದುರುವ ಬೀಜಕಗಳ (ಅಣಬೆಯ ಬೀಜದಂಥ ಸೂಕ್ಷ್ಮ ಕಣಗಳ) ಪುಡಿಯ ಗುರುತು, ಬೇಕೇಬೇಕು. ಪೂರ್ತಿ ಬಿರಿದ ಒಂದು ಕೊಡೆಯ ತೊಟ್ಟನ್ನು ಕಿವಿರಿನ ಮಟ್ಟಕ್ಕೆ ಕತ್ತರಿಸಿ, ಕಿವಿರು ಕೆಳಗೆ ಬರುವಂತೆ ಗಾಜಿನ ತುಂಡಿನ ಮೇಲೆ ಇಡಿ. ಕೊಡೆಯ ನೆತ್ತಿಗೆ ಒಂದು ಹನಿ ನೀರು ಹಾಕಿ, ಮೇಲೆ ಬಟ್ಟಲು ಕವುಚಿ 6ರಿಂದ 12 ಗಂಟೆ ಬಿಡಿ. ಬಿಳಿ ಕಾಗದಕ್ಕಿಂತ ಗಾಜು ಮೇಲು, ಏಕೆಂದರೆ ಬಿಳಿ ಅಚ್ಚು ಬಿಳಿ ಕಾಗದದಲ್ಲಿ ಕಾಣಿಸುವುದೇ ಇಲ್ಲ. ಗಾಜಾದರೆ ಕೆಳಗೆ ಕಪ್ಪು ಹಾಳೆ, ಬಿಳಿ ಹಾಳೆ ಎರಡನ್ನೂ ಇಟ್ಟು ನೋಡಬಹುದು. ಬಣ್ಣ ಹೇಳುವ ಮೊದಲು ಪುಡಿಯನ್ನು ಬ್ಲೇಡಿನಿಂದ ಒಟ್ಟುಗೂಡಿಸಿ ಸಣ್ಣ ಗುಡ್ಡೆ ಮಾಡಿ, ಹಗಲು ಬೆಳಕಿನಲ್ಲಿ ನೋಡಿ. ತೆಳುವಾಗಿ ಹರಡಿದ್ದರೆ ಎಲ್ಲ ಕಂದುಗಳೂ ಒಂದೇ ಥರ ಕಾಣುತ್ತವೆ.

ಅಚ್ಚು ಬೀಳದಿದ್ದರೆ ಕೊಡೆ ತೀರಾ ಎಳೆಯದು, ಇಲ್ಲವೇ ಒಣಗಿದ್ದು. ತೀರಾ ನೆನೆದ ಅಣಬೆಯಿಂದ ಕಂದು ನೀರು ಇಳಿದು ಕಲೆಯಾಗುತ್ತದೆ, ಅದನ್ನೇ ಅಚ್ಚು ಅಂದುಕೊಳ್ಳುವವರಿದ್ದಾರೆ. ಅಚ್ಚು ಒಣಗಿದ ಪುಡಿ, ಕೆರೆದರೆ ಏಳುತ್ತದೆ, ಕಲೆ ಏಳುವುದಿಲ್ಲ.

ತುಕ್ಕಿನ ಕಂದು ಬಂದರೆ ಗಲೆರಿನಾ ಕಡೆ ಅನುಮಾನ ಗಟ್ಟಿ. ನೇರಳೆ ಮಿಶ್ರಿತ ಗಾಢ ಕಂದು ಬಂದರೆ ಹೈಫೋಲೋಮಾ. ಬಿಳಿ ಬಂದರೆ ಆರ್ಮಿಲೇರಿಯಾ ಇರಬಹುದು, ಆಗ ತೊಗಟೆಯ ಅಡಿಯಲ್ಲಿ ಕಪ್ಪನೆಯ ಹುರಿಗಳು ಇವೆಯೇ ನೋಡಿ. ತೊಟ್ಟಿನ ಮೇಲೆ ತೆಳುವಾದ ಉಂಗುರವಿದೆಯೇ ಎಂದೂ ಬರೆಯಿರಿ. ಇಲ್ಲದಿದ್ದರೆ ಗಲೆರಿನಾ ಅಲ್ಲ ಎಂದುಕೊಳ್ಳಬೇಡಿ, ಆ ಉಂಗುರ ಮಳೆಗೇ ಉದುರಿಹೋಗುವಷ್ಟು ನಾಜೂಕು.

ಬ್ರ್ಯಾಕೆಟಿಗೂ ಅಚ್ಚು ತೆಗೆಯಬಹುದು, ತಾಳ್ಮೆ ಬೇಕು. ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಕಿ, ತೇವ ಬಟ್ಟೆ ಮುಚ್ಚಿ, ಒಂದು ಇಡೀ ದಿನ ಬಿಡಿ. ಹಳೆಯ ಮಾದರಿಯಲ್ಲಿ ಏನೂ ಬೀಳದಿರುವುದೇ ಹೆಚ್ಚು.

ಹಸಿರುಹಾದಿ:

ಹೇಳಿದ್ದನ್ನೆಲ್ಲ ನೋಡಿ ಬರೆಯುತ್ತಿದ್ದೇನೆ.

ಬ್ರ್ಯಾಕೆಟ್: ಕೆಳಮೈ ಅಂಚಿನ ಹತ್ತಿರ ಕೆನೆ ಬಣ್ಣ, ಒಳಗೆ ಹೋದಂತೆ ಬೂದು. ನೇರಳೆ ಎಲ್ಲೂ ಇಲ್ಲ, ಎಳೆಯದರಲ್ಲೂ ಇಲ್ಲ. ಅಂಚಿನಲ್ಲಿ ರಂಧ್ರಗಳು ಅಂಕುಡೊಂಕು, ಒಂದಕ್ಕೊಂದು ಸೇರಿಕೊಂಡು ಚಕ್ರವ್ಯೂಹದ ಹಾಗೆ ಸುತ್ತಿವೆ, ಅಲ್ಲಿ ಮಿ.ಮೀ.ಗೆ 3 ಅಥವಾ 4. ನಡುವಿನಿಂದ ಬುಡದವರೆಗೆ ಗೋಡೆಗಳೇ ಹರಿದು ಚಪ್ಪಟೆ ಹಲ್ಲುಗಳಾಗಿವೆ, ಎಣಿಸಲು ಆಗುತ್ತಿಲ್ಲ. ಹಸಿಯಾಗಿದ್ದಾಗಲೇ ಉಜ್ಜಿದೆ, ಕೆಂಪಾಗಲಿಲ್ಲ. ಕೊಯ್ದ ಮುಖದಲ್ಲಿ ಮೇಲೆ ಸ್ಪಂಜಿನಂಥ ಬೂದು ರೋಮದ ಪದರ, ಅದರ ಕೆಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ, ಅದರ ಕೆಳಗೆ ತೊಗಲಿನಷ್ಟು ಬಿಗಿಯಾದ ಬಿಳಿಚ ಮಾಂಸ. ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಬಿಳಿ ಪುಡಿ ಬಿದ್ದಿದೆ.

ಕಟ್ಟಿಗೆ: ಬಿಳಿ, ನಾರುನಾರು. ಎರಡು ಕಡೆ ಕಪ್ಪು ಗೆರೆ ಇದೆ. ಅಣಬೆಗಳ ಕೆಳಮೈ ಎಲ್ಲ ನೆಲದ ಕಡೆಗೇ ಇದೆ. ಮರದ ಹೆಸರು ಗೊತ್ತಾಗಲಿಲ್ಲ.

ಗೊಂಚಲು: ಅಚ್ಚು ತುಕ್ಕಿನ ಕಂದು. ಎರಡು ತೊಟ್ಟುಗಳಲ್ಲಿ ಉಂಗುರದ ಅವಶೇಷ, ಉಳಿದವುಗಳಲ್ಲಿ ಏನೂ ಇಲ್ಲ. ಕೊಡೆ ಒಣಗುವಾಗ ನಡುವಿನಿಂದ ಬಣ್ಣ ಮಾಸುತ್ತಾ ಹೊರಗೆ ಹರಡುತ್ತಿದೆ.

ಬೂತಗನ್ನಡಿ:

ಸೆರೀನಾ ಯೂನಿಕಲರ್. ಚಕ್ರವ್ಯೂಹದ ರಂಧ್ರ, ಅದು ಒಡೆದು ಆದ ಚಪ್ಪಟೆ ಹಲ್ಲು, ಬೂದು ಕೆಳಮೈ, ಒರಟು ರೋಮ, ತುಂಡು ಮಾಡಿದರೆ ಕಾಣುವ ಕಪ್ಪು ಗೆರೆ, ಅಗಲೆಲೆ ಮರ, ಬಿಳಿ ಕೊಳೆ. ಎಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಹೆಸರಲ್ಲಿ ‘ಏಕವರ್ಣ’ ಎಂದಿದ್ದರೂ ಪಟ್ಟೆಗಳಿರುತ್ತವೆ, ಅದಕ್ಕೆ ಗೊಂದಲ ಬೇಡ.

ಟರ್ಕಿ ಟೇಲ್, ಅಂದರೆ ಟ್ರಮೀಟಿಸ್ ವರ್ಸಿಕಲರ್, ಯಾಕಲ್ಲ ಎಂದರೆ ಅದರ ರಂಧ್ರ ದುಂಡಗೋ ತುಸು ಮೂಲೆಮೂಲೆಯಾಗಿಯೋ ಇರುತ್ತದೆ, ಕೊನೆಯವರೆಗೂ ರಂಧ್ರವಾಗಿಯೇ ಉಳಿಯುತ್ತದೆ. ಹಳೆಯದರಲ್ಲಿ ಅಲ್ಲಲ್ಲಿ ಗೋಡೆ ಹರಿಯಬಹುದು, ಹೀಗೆ ಇಡೀ ಬಯಲು ಹಲ್ಲಾಗುವುದಿಲ್ಲ. ಟ್ರಮೀಟಿಸ್ ಹಿರ್ಸುಟಾಗೂ ಬೂದು ರೋಮ ಇದೆ, ಪಾಚಿ ಹಿಡಿಯುತ್ತದೆ, ಆದರೆ ಅದರದ್ದೂ ದುಂಡು ರಂಧ್ರ, ಮಾಂಸವೂ ಇದಕ್ಕಿಂತ ದಪ್ಪ. ಟ್ರಮೀಟಿಸ್ ಗಿಬ್ಬೋಸಾದಲ್ಲಿ ರಂಧ್ರ ಉದ್ದವಾಗಿರುತ್ತದೆ, ಆದರೆ ಅಣಬೆಯೇ ದಪ್ಪ, ಬುಡದಲ್ಲಿ ಗೂನು ಇರುತ್ತದೆ.

ಹಳೆಯ ಪುಸ್ತಕಗಳಲ್ಲಿ ಹುಡುಕುವುದಾದರೆ ಡೆಡಾಲಿಯಾ ಯೂನಿಕಲರ್ ಎಂಬ ಹೆಸರಿನಲ್ಲಿ ನೋಡಿ. ಸೆರೀನಾ ಕುಲಕ್ಕೆ ಸೇರಿಸಿದ್ದು 1903ರಲ್ಲಿ ಮರಿಲ್, ಆದರೂ ಬಹಳ ಕಾಲ ಹಳೆಯ ಹೆಸರೇ ಓಡಾಡುತ್ತಿತ್ತು.

ದಿಮ್ಮಿಕಾವಲು:

ಹೆಸರಿಗೆ ನನ್ನ ಒಪ್ಪಿಗೆಯೂ ಇದೆ, ಒಂದು ತಿದ್ದುಪಡಿಯೊಂದಿಗೆ. ಕಪ್ಪು ಗೆರೆಯನ್ನು ಸೆರೀನಾದ ಗುರುತು ಎಂದು ಒಂದನ್ನೇ ಹಿಡಿದುಕೊಳ್ಳಬೇಡಿ. ಟ್ರಮೀಟಿಸ್ ವರ್ಸಿಕಲರ್‌ನಲ್ಲೂ ರೋಮದ ಅಡಿಗೆ ಅಂಥದೇ ಸಣ್ಣ ಕಪ್ಪು ಪದರ ಇರುತ್ತದೆ. ಆ ಗೆರೆ ಉಪಯೋಗಕ್ಕೆ ಬರುವುದು ವರ್ಸಿಕಲರ್ ಅನ್ನು ಅದರ ಹತ್ತಿರದ ಟ್ರಮೀಟಿಸ್ ಒಕ್ರೇಸಿಯಾದಿಂದ ಬೇರೆ ಮಾಡಲು. ಒಕ್ರೇಸಿಯಾಗೆ ಗೆರೆ ಇಲ್ಲ. ಇಲ್ಲಿ ತೀರ್ಪು ಕೊಟ್ಟಿದ್ದು ಕೆಳಮೈ.

ಸೂಕ್ಷ್ಮದರ್ಶಕ ಸಿಗುವುದಾದರೆ ಆ ಬಿಳಿ ಪುಡಿಯನ್ನು ನೋಡಿದರೆ ಅನುಮಾನ ಪೂರ್ತಿ ತೀರುತ್ತದೆ. ಸೆರೀನಾದ ಬೀಜಕ ಮೊಟ್ಟೆಯಾಕಾರ, ಉದ್ದ 5ರಿಂದ 7 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು), ಅಗಲ 2.5ರಿಂದ 4. ವರ್ಸಿಕಲರ್‌ನದು ಸಪೂರ, ತುಸು ಬಾಗಿದ ಕೊಳವೆ, ಅಗಲ 2 ಮೈಕ್ರಾನಿನ ಆಸುಪಾಸು. ಇಷ್ಟು ಸಣ್ಣದನ್ನು ಅಳೆಯಲು ಎಣ್ಣೆ ಹಾಕಿ ನೋಡುವ 100 ಪಟ್ಟಿನ ಮಸೂರವೇ ಬೇಕು. ಕನಿಷ್ಠ 20 ಬೀಜಕ ಅಳೆಯಿರಿ. ಅಚ್ಚಿನಿಂದಲೇ ತೆಗೆದುಕೊಳ್ಳಿ, ಮೇಲ್ಮೈ ಕೆರೆದರೆ ಬೇರೆ ಶಿಲೀಂಧ್ರಗಳ ಬೀಜಕವೇ ಹೆಚ್ಚು ಬರುತ್ತದೆ.

ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ನೋಡಲೇ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಇದಕ್ಕೆ ಅದರ ಅಗತ್ಯವಿಲ್ಲ. 5 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿದ ಆ ದ್ರಾವಣ ನಿಜಕ್ಕೂ ಉಪಯೋಗಕ್ಕೆ ಬರುವುದು ಒಳಮಾಂಸ ತುಕ್ಕಿನ ಕಂದಾಗಿರುವ ಫೆಲ್ಲಿನಸ್ ಬಳಗಕ್ಕೆ. ಅಲ್ಲಿ ಹನಿ ಬಿದ್ದ ಜಾಗ ಕೂಡಲೇ ಕಪ್ಪಾಗುತ್ತದೆ. ಚರ್ಮ ಸುಡುವ ವಸ್ತು ಅದು, ಕೈಗವಸು ಇಲ್ಲದೆ ಮುಟ್ಟಬೇಡಿ.

ಇನ್ನೊಂದು ಮಾತು. ಸೆರೀನಾ ಸತ್ತ ಕಟ್ಟಿಗೆಗಷ್ಟೇ ಸೀಮಿತವಲ್ಲ, ಗಾಯವಾದ ಜೀವಂತ ಮರಕ್ಕೂ ಹತ್ತಿ ತೊಗಟೆಯಲ್ಲಿ ಹುಣ್ಣು ಮಾಡುತ್ತದೆ. ಉತ್ತರ ಅಮೆರಿಕದ ಟ್ರೀಮೆಕ್ಸ್ ಕೊಲಂಬಾ ಎಂಬ ಮರಕಣಜದ ಹೆಣ್ಣು ಇದೇ ಶಿಲೀಂಧ್ರವನ್ನು ಮೈಯೊಳಗಿನ ಚೀಲದಲ್ಲಿ ಹೊತ್ತು ತಂದು, ಸೊರಗಿದ ಮರದಲ್ಲಿ ಮೊಟ್ಟೆಯ ಜೊತೆ ಬಿತ್ತುತ್ತದೆ. ಮರಿಹುಳು ಬೆಳೆಯುವುದು ಆ ಕೊಳೆತ ಕಟ್ಟಿಗೆಯಲ್ಲೇ.

ಬೀಜಕದಚ್ಚು:

ಗೊಂಚಲಿಗೆ ನಾನು ಗಲೆರಿನಾ ಎಂದೇ ಬರೆದಿಟ್ಟುಕೊಳ್ಳುತ್ತೇನೆ. ತುಕ್ಕಿನ ಅಚ್ಚು, ಉಂಗುರದ ಅವಶೇಷ, ನಡುವಿನಿಂದ ಮಾಸುವ ಕೊಡೆ ಮೂರೂ ಸೇರಿವೆ. ಕಟ್ಟಿಗೆಯ ಮೇಲೇ ಬರುವ ಇನ್ನೊಂದು ಅಣಬೆ ಕ್ಯೂನೆರೊಮೈಸಿಸ್ ಮ್ಯುಟಾಬಿಲಿಸ್‌ಗೂ ಈ ಮೂರೂ ಇರುತ್ತವೆ. ಅದರ ತೊಟ್ಟಿನಲ್ಲಿ ಉಂಗುರದ ಕೆಳಗೆ ಎದ್ದುನಿಂತ ಸಣ್ಣ ಹೊಪ್ಪಳಿಕೆಗಳಿರುತ್ತವೆ, ಗಲೆರಿನಾದಲ್ಲಿ ಬೆಳ್ಳನೆಯ ನಾರುಗಳಷ್ಟೇ. ಆದರೆ ಮಳೆಗೆ ಹೊಪ್ಪಳಿಕೆ ತೊಳೆದುಹೋಗುತ್ತದೆ, ಎರಡೂ ಒಂದೇ ದಿಮ್ಮಿಯಲ್ಲಿ ಬರುವುದೂ ಉಂಟು. ಹೀಗಾಗಿ ತಿನ್ನುವ ಲೆಕ್ಕದಲ್ಲಿ ಎರಡನ್ನೂ ಬೇರೆ ಮಾಡಲು ಹೋಗುವುದೇ ಬೇಡ.

ಅಮಾಟಾಕ್ಸಿನ್ ವಿಷದ ಲಕ್ಷಣ ತಿಂದ 6ರಿಂದ 24 ಗಂಟೆಯ ಮೇಲೆ ಕಾಣಿಸುತ್ತದೆ. ವಾಂತಿ ಭೇದಿ ಆಗಿ, ಮಧ್ಯೆ ಆರಾಮಾದ ಹಾಗೆ ಅನ್ನಿಸಿ, ಆಮೇಲೆ ಯಕೃತ್ತು ಕೆಡುತ್ತದೆ. ಯಾರಾದರೂ ಬಾಯಿಗೆ ಹಾಕಿಕೊಂಡಿದ್ದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು, ಉಳಿದ ಅಣಬೆಯನ್ನೂ ಜೊತೆಗೆ ಒಯ್ಯಬೇಕು. ಮುಟ್ಟುವುದರಿಂದ ಏನೂ ಆಗುವುದಿಲ್ಲ. ಮಾದರಿಗೆ ಬೇಕಾದಷ್ಟು ಹಿಡಿದು ನೋಡಿ, ಕೈ ತೊಳೆದುಕೊಂಡರಾಯಿತು.

ಹಸಿರುಹಾದಿ:

ತಿನ್ನುವ ಯೋಚನೆ ಇಲ್ಲ. ಎರಡನ್ನೂ ಮಾದರಿಯಾಗಿ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಬ್ರ್ಯಾಕೆಟ್‌ಗೆ ಆಗಲೇ ಬೂಷ್ಟು ಬಂದಿದೆ.

ದಿಮ್ಮಿಕಾವಲು:

ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತದೆ, ಬೂಷ್ಟು ಬರದೆ ಇರದು. ಕಾಡಿನಿಂದ ತರುವಾಗಲೇ ಕಾಗದದ ಪೊಟ್ಟಣ, ಒಂದೊಂದಕ್ಕೆ ಒಂದೊಂದು. ಎರಡು ಜಾತಿಯನ್ನು ಒಟ್ಟಿಗೆ ಹಾಕಿದರೆ ಒಂದರ ಬೀಜಕ ಇನ್ನೊಂದರ ಮೇಲೆ ಬಿದ್ದು ಮುಂದೆ ಸೂಕ್ಷ್ಮದರ್ಶಕದಲ್ಲಿ ತಲೆ ಕೆಡಿಸುತ್ತದೆ.

ಒಣಗಿಸಲು ಗಾಳಿ ಆಡುವ ಡ್ರೈಯರ್, 40ರಿಂದ 45 ಡಿಗ್ರಿ ಸೆಲ್ಸಿಯಸ್. ಜಾಸ್ತಿ ಬಿಸಿ ಕೊಟ್ಟರೆ ಹೊರಗೆ ಗಟ್ಟಿಯಾಗಿ ಒಳಗೆ ತೇವ ಉಳಿಯುತ್ತದೆ, ಡಿಎನ್‌ಎ ಕೂಡ ಹಾಳಾಗುತ್ತದೆ. ಗಲೆರಿನಾ ಮುರಿದರೆ ಚಟ್ಟೆನ್ನಬೇಕು. ಬ್ರ್ಯಾಕೆಟ್ ಬಗ್ಗದಂತಾಗಬೇಕು, ಸ್ವಲ್ಪ ಬಗ್ಗಿದರೂ ಇನ್ನೂ ತೇವ ಇದೆ. ಅಡುಗೆಗೆ ಬಳಸುವ ಡ್ರೈಯರ್‌ನಲ್ಲಿ ಗಲೆರಿನಾ ಇಡಬೇಡಿ. ಒಣಗಿದ ಮೇಲೆ ಗಾಳಿಯಾಡದ ಚೀಲಕ್ಕೆ ಹಾಕಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಒಳಗಿನ ಹುಳುಮೊಟ್ಟೆ ಸಾಯುತ್ತದೆ. ಬ್ರ್ಯಾಕೆಟ್‌ಗಳನ್ನು ಕೊರೆಯುವ ಜೀರುಂಡೆಗಳು ಒಂದು ಸಲ ಹೊಕ್ಕರೆ ಇಡೀ ಪೆಟ್ಟಿಗೆಯನ್ನು ಪುಡಿ ಮಾಡುತ್ತವೆ. ಹೊರತೆಗೆದಾಗ ಚೀಲ ಕೋಣೆಯ ಶಾಖಕ್ಕೆ ಬರುವವರೆಗೆ ಬಿಚ್ಚಬೇಡಿ, ತಣ್ಣಗಿನ ಮಾದರಿಯ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ.

ಬೂಷ್ಟು ಬಂದಿರುವುದನ್ನು ಬಿಸಾಡಿ ಬೇರೊಂದು ತನ್ನಿ. ಚೀಟಿಯಲ್ಲಿ ದಿನಾಂಕ, ಜಾಗ, ನಿಂತ ಮರವೋ ಬಿದ್ದ ದಿಮ್ಮಿಯೋ, ಕೊಳೆಯ ಬಗೆ, ಹಸಿಯಾಗಿದ್ದಾಗಿನ ಬಣ್ಣ ಇಷ್ಟು ಬರೆಯಿರಿ; ಒಣಗಿದ ಮೇಲೆ ಆ ಬಣ್ಣ ಉಳಿಯುವುದಿಲ್ಲ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಕೆತ್ತಿ ತೆಗೆದ ಕಟ್ಟಿಗೆಯ ಚೂರನ್ನೂ ಒಣಗಿಸಿ ಅದೇ ಪೊಟ್ಟಣಕ್ಕೆ ಹಾಕಿ, ಮರ ಯಾವುದೆಂದು ಅದರ ಅಡ್ಡಕೊಯ್ತ ನೋಡಿ ಆಮೇಲೂ ಪತ್ತೆ ಹಚ್ಚಬಹುದು.